ನೀಲಿ ಟೇಪಿನ ಜಾಯಿಂಟುಗಳು

ಬಸ್ಸಿನ ಶೆಡ್ಡಿನಲ್ಲಿ ಕೆಲಸ ಕಲಿತವರಿಗೆ ಒಂದು ಕಟ್ಟಳೆ ಇದೆ. ಮೇಸ್ತ್ರಿ ಮಾಡಿದ ಜಾಯಿಂಟನ್ನು ಅವನ ಎದುರಿಗೆ ಎಳೆದು ನೋಡಬಾರದು. ವಯರಿನ ತುದಿಗೆ ಟರ್ಮಿನಲ್ ಎಂಬ ಲೋಹದ ಪುಟ್ಟ ಕೊಳವೆ ಹಾಕಿ, ಇಕ್ಕಳದಿಂದ ಒತ್ತಿ, ಆಮೇಲೆ ಒಮ್ಮೆ ಎಳೆದು ನೋಡುವುದು ನಮ್ಮ ಕಸುಬಿನ ಮೊದಲ ಪಾಠ. ಕೈಗೇ ಕಿತ್ತು ಬರುವ ಜಾಯಿಂಟು ರಸ್ತೆಯ ಕುಲುಕಾಟಕ್ಕೆ ನಿಲ್ಲುವುದಿಲ್ಲ. ಆದರೆ ಆ ಪಾಠ ನಮ್ಮ ನಮ್ಮ ಕೆಲಸಕ್ಕೆ ಮಾತ್ರ. ಮೇಸ್ತ್ರಿಯ ಮೇಲೆ ಸಂಶಯ ಬಂದರೆ ಅವನು ಚಾ ಕುಡಿಯಲು ಹೋದಾಗ ಎಳೆಯಬೇಕು, ಕಿತ್ತು ಬಂದರೆ ಹೊಸತು ಹಾಕಿ ಬಾಯಿ ಮುಚ್ಚಿಕೊಂಡಿರಬೇಕು. ಕುಂದಾಪುರದ ಹತ್ತಿರದ ಶೆಡ್ಡೊಂದರಲ್ಲಿ ಒಂಬತ್ತು ವರ್ಷ ನಾನು ಹೀಗೇ ನಡೆದುಕೊಂಡೆ. ಅದರಿಂದ ಯಾರಿಗೂ ಕೆಡುಕಾಗಲಿಲ್ಲ. ಅದೇ ಬುದ್ಧಿಯನ್ನು ಲಂಡನ್ನಿಗೂ ಹೊತ್ತು ತಂದೆ. ಅಲ್ಲಿನ ಪಿನ್ನರ್ ಬಡಾವಣೆಯ ಒಂದು ಮನೆಯ ಗ್ಯಾರೇಜಿನಲ್ಲಿ ಒಬ್ಬ ಕಣ್ಣಿನ ಡಾಕ್ಟರ ಕೆಟ್ಟ ಕೈಗೆಲಸವನ್ನು ಐದು ತಿಂಗಳು ಮುಚ್ಚಿಟ್ಟೆ. ಆ ಐದು ತಿಂಗಳೂ ಅವರು ವಾರಕ್ಕೆ ಮೂರು ದಿನ ಆಪರೇಷನ್ ಮಾಡುತ್ತಿದ್ದರು.

ಒಲಿಂಪಿಕ್ಸ್ ಮುಗಿದ ಮರುವರ್ಷ ಅದು. ನಾನು ಭಾವನ ಹೋಟೆಲಿನ ಅಡುಗೆಮನೆಯಲ್ಲಿದ್ದೆ. ಭಾವ ಕೆಟ್ಟವನಲ್ಲ, ಆದರೆ ಅಲ್ಲಿ ವಯರು ಹಿಡಿಯಬಲ್ಲವನಿಗೂ ಈರುಳ್ಳಿ ಹೆಚ್ಚಬಲ್ಲವನಿಗೂ ವ್ಯತ್ಯಾಸವಿರಲಿಲ್ಲ. ಒಮ್ಮೆ ಕೆಟ್ಟು ಕೂತಿದ್ದ ಗ್ರೈಂಡರನ್ನು ಹತ್ತೇ ನಿಮಿಷದಲ್ಲಿ ಸರಿಮಾಡಿಕೊಟ್ಟೆ. ಭಾವ ಬೆನ್ನು ತಟ್ಟಿದ, ಆಮೇಲೆ ಅದರಲ್ಲೇ ಹಿಟ್ಟು ರುಬ್ಬಲು ಹೇಳಿದ.

ಗಣೇಶನ ಹಬ್ಬಕ್ಕೆ ಕನ್ನಡದವರು ಹ್ಯಾರೋದ ಶಾಲೆಯೊಂದರ ಹಾಲಿನಲ್ಲಿ ಸೇರಿದ್ದರು. ಊಟ ನಮ್ಮ ಹೋಟೆಲಿನದು. ಖಾಲಿ ಪಾತ್ರೆಗಳನ್ನು ವ್ಯಾನಿಗೆ ತುಂಬುತ್ತಿದ್ದಾಗ ಕಾರ್ ಪಾರ್ಕಿನಲ್ಲಿ ಹತ್ತು ಹದಿನೈದು ಜನ ಒಂದು ಕಾರನ್ನು ಸುತ್ತಿಕೊಂಡು ನಿಂತಿದ್ದು ಕಾಣಿಸಿತು. ಅಂಥ ಕಾರನ್ನು ನಾನು ಎದುರಿಗೆ ನೋಡಿದ್ದು ಅದೇ ಮೊದಲು. ಅಮೆರಿಕದ್ದು, ಅರವತ್ತರ ದಶಕದ ನಡುವಿನದು, ಎರಡೇ ಬಾಗಿಲು. ಅರ್ಧ ಕಾರು ಬರೀ ಬಾನೆಟ್ಟು, ಅದರೊಳಗೆ ಎಂಟು ಸಿಲಿಂಡರಿನ ಎಂಜಿನ್. ಮಸಲ್ ಕಾರು ಎನ್ನುತ್ತಾರೆ ಇಲ್ಲಿ. ಕೀಲಿ ತಿರುಗಿಸಿದರೆ ಟಕ್ ಎಂದು ಸುಮ್ಮನಾಗುತ್ತಿತ್ತು. ಸುತ್ತ ನಿಂತವರಲ್ಲಿ ಒಬ್ಬರು ಬ್ಯಾಟರಿ ಎಂದರು, ಒಬ್ಬರು ಸ್ಟಾರ್ಟರ್ ಎಂದರು, ಇನ್ನೊಬ್ಬರು ಹೊರಡುವ ಮೊದಲೇ ಗಣಪತಿಗೆ ಕಾಯಿ ಒಡೆಸಬೇಕಿತ್ತು ಎಂದರು.

ನನಗೆ ತಡೆಯಲಾಗಲಿಲ್ಲ. ಕೈ ಒರೆಸಿಕೊಂಡು ಹೋಗಿ ಬಗ್ಗಿ ನೋಡಿದೆ. ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ ಬರುವ ಅರ್ತ್ ಕೇಬಲನ್ನು ಹೊಸ ಪೇಂಟಿನ ಮೇಲೆಯೇ ಬೋಲ್ಟ್ ಮಾಡಿದ್ದರು. ಪೇಂಟು ಕರೆಂಟನ್ನು ಹಾಯಗೊಡುವುದಿಲ್ಲ, ಅದರ ಮೇಲೆ ಕೂತ ಅರ್ತ್ ಇದ್ದೂ ಇಲ್ಲದ್ದೇ.

“ಇದನ್ನು ಕಟ್ಟಿದವನಿಗೆ ಬುದ್ಧಿ ಇರ್ಲಿಲ್ಲ” ಎಂದೆ.

“ನಾನ ಕಟ್ಟೀನಿ” ಎಂದರು ಪಕ್ಕದಲ್ಲಿ ನಿಂತಿದ್ದ ಬಿಳಿ ಕೂದಲಿನವರು. ಜನ ನಕ್ಕರು. ಅವರು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ನಾನು ಬೋಲ್ಟ್ ಬಿಚ್ಚಿ, ಹೋಟೆಲಿನ ಚಾಕುವಿನಿಂದಲೇ ಪೇಂಟು ಕೆರೆದು, ಮತ್ತೆ ಬಿಗಿದೆ. ಕಾರು ಒಂದೇ ಏಟಿಗೆ ಎದ್ದಿತು. ಅವರು ನನ್ನ ನಂಬರು ಬರೆದುಕೊಂಡರು. “ನಿನಗ ಬುದ್ಧಿ ಇಲ್ಲ ಅಂತ ಮುಖದ ಮ್ಯಾಲೆ ಹೇಳಾವ್ರು ಈ ಊರಾಗ ಸಿಗೂದಿಲ್ಲಪಾ. ಮಂಗಳವಾರ ಬರ್ತೀಯೇನು?”

ಧಾರವಾಡದವರು ಅವರು. ಮೂವತ್ತು ವರ್ಷದಿಂದ ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ಸರ್ಜನ್. ಹುಡುಗನಾಗಿದ್ದಾಗ ಹುಬ್ಬಳ್ಳಿಯ ಒಂದು ಗ್ಯಾರೇಜಿನ ಗೋಡೆಯ ಮೇಲೆ ಆ ಕಾರಿನ ಚಿತ್ರ ನೋಡಿದ್ದರಂತೆ. ಅರವತ್ತು ದಾಟಿದ ಮೇಲೆ ಕೊಂಡರು. ಮಂಗಳವಾರ ಅವರಿಗೆ ಆಪರೇಷನ್ ಇರುತ್ತಿರಲಿಲ್ಲ, ನನಗೂ ಹೋಟೆಲಿಗೆ ರಜೆ. ಕೊಲಿಂಡೇಲಿನ ನಮ್ಮ ಫ್ಲ್ಯಾಟಿನಿಂದ ಎರಡು ಬಸ್ಸು ಬದಲಿಸಿ ಪಿನ್ನರಿಗೆ ಹೋಗುತ್ತಿದ್ದೆ. ಅವರು ನನ್ನನ್ನು ಮೇಸ್ತ್ರಿ ಎಂದು ಕರೆದರು. ಈ ದೇಶಕ್ಕೆ ಬಂದ ಮೇಲೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಆ ಒಂದು ಪದಕ್ಕಾಗಿ ನಾನು ನಡೆದೇ ಬೇಕಾದರೂ ಹೋಗುತ್ತಿದ್ದೆ.

ಕಾರಿನಲ್ಲಿ ಮಾಡುವುದು ಬೇಕಾದಷ್ಟಿತ್ತು. ಹೆಡ್‌ಲೈಟಿನ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹಾಯುತ್ತಿತ್ತು, ಸ್ವಿಚ್ಚು ಮುಟ್ಟಿದರೆ ಸುಡುತ್ತಿತ್ತು. ಅದಕ್ಕೆ ಭಾರಿ ಕರೆಂಟನ್ನು ಸ್ವಿಚ್ಚಿನ ಬದಲು ತಾನು ಹೊರುವ ರಿಲೇ ಹಾಕಿ, ದಪ್ಪ ವಯರನ್ನು ಬ್ಯಾಟರಿಯಿಂದ ನೇರ ಎಳೆಯುವುದೆಂದಾಯಿತು. ಗಾಜಿನ ಫ್ಯೂಸುಗಳ ಜಾಗದಲ್ಲಿ ಹೊಸ ಫ್ಯೂಸ್ ಬಾಕ್ಸು, ಕಿಡಿ ಕೊಡುವ ಹಳೆಯ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ನು. ಕೊನೆಗೆ ಬ್ರೇಕು. ನಾಲ್ಕೂ ಗಾಲಿಗೆ ಒಂದೇ ಲೈನು, ಎಲ್ಲಾದರೂ ಸೋರಿದರೆ ನಾಲ್ಕೂ ಹೋದವು. ಅದನ್ನು ಮುಂದಕ್ಕೊಂದು ಹಿಂದಕ್ಕೊಂದು ಎಂದು ಎರಡು ಮಾಡಬೇಕಿತ್ತು.

ಮೊದಲ ದಿನವೇ ಡಾಕ್ಟರು ಎರಡು ಟೇಪು ತಂದಿಟ್ಟರು, ಒಂದು ಕಪ್ಪು, ಒಂದು ನೀಲಿ. “ನಿಂದು ಕಪ್ಪು, ನಂದು ನೀಲಿ. ಯಾರು ಏನು ಮಾಡ್ಯಾರ ಅಂತ ನಾಳೆ ಗೊತ್ತಾಗಬೇಕು. ಆಪರೇಷನ್ ಬರಿಯೂದೂ ಹಂಗ.” ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ಒಂದೊಂದು ಜಾಯಿಂಟನ್ನೂ ದಿನಾಂಕ ಹಾಕಿ ಬರೆದರು. ದೊಡ್ಡವರಿಗೆ ದೊಡ್ಡ ಹುಚ್ಚು ಎಂದು ನಾನು ಒಳಗೇ ನಕ್ಕೆ.

ಅವರ ಹೆಂಡತಿ ಮಧ್ಯಾಹ್ನ ಊಟಕ್ಕೆ ಕರೆಯುತ್ತಿದ್ದರು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಪುಡಿ. ನಾನು ಹೊರಗೇ ತಿನ್ನುತ್ತೇನೆ ಎಂದರೆ, “ಮೇಜಿನ ಮ್ಯಾಲೆ ಕೂಡು ತಮ್ಮಾ, ಗ್ಯಾರೇಜಿನಾಗ ಊಟ ಮಾಡೂದು ಎಲ್ಲಿ ಪದ್ಧತಿ?” ಎಂದು ಬೈದರು. ಊಟವಾದ ಮೇಲೆ ಡಾಕ್ಟರು ಸೋಫಾದ ಮೇಲೆ ಅರ್ಧ ಗಂಟೆ ಮಲಗುತ್ತಿದ್ದರು.

ದೀಪಾವಳಿ ಕಳೆದ ವಾರ ಕಾರು ಹ್ಯಾರೋದ ಸಿಗ್ನಲ್ಲಿನಲ್ಲಿ ನಿಂತುಬಿಟ್ಟಿತು. ಒಮ್ಮೆ ಎದ್ದರೆ ಒಮ್ಮೆ ಏಳುವುದಿಲ್ಲ. ಇಂಥ ಬಂದುಹೋಗುವ ಕಾಯಿಲೆಯೇ ನಮ್ಮ ಕಸುಬಿನಲ್ಲಿ ಜೀವ ತೆಗೆಯುವುದು. ಗ್ಯಾರೇಜಿಗೆ ತಂದು ಮೀಟರು ಹಿಡಿದು ಬ್ಯಾಟರಿಯಿಂದ ಇಗ್ನಿಷನ್ನಿನವರೆಗೆ ಗೇಣು ಗೇಣಾಗಿ ನೋಡುತ್ತ ಬಂದೆ. ಒಂದು ಕಡೆ ಜಾಯಿಂಟೇ ಎರಡು ವೋಲ್ಟು ತಿಂದುಹಾಕುತ್ತಿತ್ತು. ಅಲ್ಲಿ ನೀಲಿ ಟೇಪು ಇತ್ತು. ಡಾಕ್ಟರು ಊಟವಾಗಿ ಮಲಗಿದ್ದರು. ಟೇಪು ಬಿಚ್ಚಿ ಎಳೆದೆ. ಕೈಗೆ ಬಂತು. ತಾಮ್ರದ ಎಳೆಗಳಲ್ಲಿ ಎರಡು ಮಾತ್ರ ಟರ್ಮಿನಲ್ಲಿನ ಒಳಗಿದ್ದವು, ಉಳಿದದ್ದು ಹೊರಗೆ. ಇಕ್ಕಳ ಒತ್ತಬೇಕಾದಲ್ಲಿ ಒತ್ತದೆ ಮೂರು ಕಡೆ ಜಾರಿದ ಗುರುತಿತ್ತು.

ಪಕ್ಕದ್ದನ್ನು ಎಳೆದೆ. ಅದೂ ಬಂತು. ಸೆಪ್ಟೆಂಬರಿನಲ್ಲಿ ಮಾಡಿದ್ದ ಮೂರು ಗಟ್ಟಿಯಿದ್ದವು. ಅಲ್ಲಿಂದ ಮುಂದೆ ಒಂದೊಂದೂ ಹಿಂದಿನದಕ್ಕಿಂತ ಕೆಟ್ಟದ್ದು. ಕೈ ನಡುಗುವವರ ಕೆಲಸ ಅದು. ಯಾರೂ ಹೇಳಬೇಕಾಗಿಲ್ಲ, ನೋಡಿದರೆ ತಿಳಿಯುತ್ತದೆ.

ನನ್ನ ತಲೆ ಹಳೆಯ ದಾರಿಯಲ್ಲೇ ಓಡಿತು. ಶೆಡ್ಡಿನಲ್ಲಿ ಕಲಿತಂತೆ ಹೊಸ ಟರ್ಮಿನಲ್ ತೆಗೆದೆ, ತಾಮ್ರದ ಎಳೆಗಳನ್ನು ಮಡಚಿ ಜೋಡಿಮಾಡಿ ಒಳಗೆ ತೂರಿಸಿ ಒತ್ತಿದೆ. ಮೇಲೆ ಅವರದ್ದೇ ನೀಲಿ ಟೇಪು ಸುತ್ತಿದೆ. ಡಾಕ್ಟರು ಎದ್ದು ಬಂದು “ಏನಾಗಿತ್ತು ಮೇಸ್ತ್ರಿ?” ಎಂದಾಗ “ಫ್ಯೂಸ್ ಸ್ವಲ್ಪ ಲೂಸ್ ಇತ್ತು ಡಾಕ್ಟ್ರೇ” ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ನನಗೇ ಆಶ್ಚರ್ಯ.

ಆಮೇಲೆ ಪ್ರತಿ ಮಂಗಳವಾರ ಅದೇ ಕೆಲಸ. ಬೆಳಿಗ್ಗೆ ಅವರು ಮಾಡಿದ್ದನ್ನು ಮಧ್ಯಾಹ್ನ ಅವರು ಮಲಗಿದಾಗ ನಾನು ಬಿಚ್ಚಿ ಮತ್ತೆ ಮಾಡುವುದು. ಜನವರಿಯಲ್ಲಿ ಬ್ರೇಕ್ ಪೈಪಿನ ನಟ್ಟನ್ನು ಅವರು ಕೂರಿಸಿದ್ದರು. ಥ್ರೆಡ್ಡು ಓರೆಯಾಗಿ ಹತ್ತಿ, ಕೆಳಗೆ ಆಯಿಲ್ ತೊಟ್ಟಿಕ್ಕಿತ್ತು. ಅದನ್ನೂ ಬದಲಿಸಿ ನೆಲ ಒರೆಸಿದೆ. ಅವತ್ತು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

“ಅವ್ರ್ ನಾಳೆ ಯಾರದ್ದೋ ಕಣ್ಣ್ ಕೊಯ್ತ್ರ್ ಅಲ್ದಾ?” ಎಂದಳು ಅವಳು. “ನೀವ್ ಹೇಳುದ್ ಬೇಡ್ದಾ?”

“ಉಂಡ ಮನೆ ಜಂತೆ ಎಣ್ಸೂಕಾಗ. ಅಷ್ಟ್ ದೊಡ್ಡ ಡಾಕ್ಟ್ರಿಗೆ ಗೊತ್ತಾಗ್ದೇ ಇರತ್ತಾ? ಆಸ್ಪತ್ರೆಯಂಗೆ ಬೇರೆಯವ್ರಿಲ್ಯಾ ಕಾಂಬುಕೆ?”

“ಜಂತೆ ಅಲ್ಲ, ಎಂತದೂ ಅಲ್ಲ. ನಿಮ್ಗೆ ಮಂಗ್ಳಾರ ಹೋಪುಕೆ ಒಂದ್ ಜಾಗ ಬೇಕ್. ಅಷ್ಟೇ.”

ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ. ಅವಳು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮರುವಾರ ಡಾಕ್ಟರ ಹೆಂಡತಿ ತಟ್ಟೆ ತೆಗೆಯುತ್ತ, ಗಂಡ ಆ ಕಡೆ ಹೋದದ್ದನ್ನು ನೋಡಿಕೊಂಡು, ದನಿ ತಗ್ಗಿಸಿದರು. “ತಮ್ಮಾ, ಒಂದು ಕೇಳ್ತೀನಿ. ವಾರಾ ವಾರಾ ಅವರ ಕೈ ನೋಡಾಂವ ನೀನು. ಹೆಂಗ ಅದ? ಈಗೀಗ ಚಹಾದ ಕಪ್ಪು ಎರಡೂ ಕೈಲೆ ಹಿಡೀತಾರ.”

ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಯಾರೂ ಕೊಡಲಾರರು. ನಾನು ಹೇಳಿದ್ದು ಇಷ್ಟು: “ಚಳಿ ಅಮ್ಮ. ಗ್ಯಾರೇಜಲ್ಲಿ ಹೀಟರ್ ಇಲ್ಲ. ನನ್ನ ಕೈಯೂ ನಡುಗ್ತದೆ.” ಮುಂದಿನ ಮಂಗಳವಾರ ಗ್ಯಾರೇಜಿನಲ್ಲಿ ಹೊಸ ಹೀಟರ್ ಇತ್ತು. ಅದನ್ನು ನೋಡಿ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಫೆಬ್ರವರಿಯ ಮೂರನೇ ಮಂಗಳವಾರ ಡಾಕ್ಟರು ಬಾನೆಟ್ ಎತ್ತಿಸಿ, ನೋಟ್‌ಬುಕ್ ನನ್ನ ಕೈಗೆ ಕೊಟ್ಟರು. “ನೀ ಓದು. ನಾ ಎಳೀತೀನಿ.” ನಾನು ಓದುತ್ತ ಹೋದೆ, ಎಡ ಹೆಡ್‌ಲೈಟು, ಬಲ ಹೆಡ್‌ಲೈಟು, ಹಾರ್ನು, ವೈಪರು. ಅವರು ಒಂದೊಂದು ನೀಲಿ ಟೇಪನ್ನೂ ಹಿಡಿದು ಜಗ್ಗಿದರು. ಇಪ್ಪತ್ತೆರಡು ಜಾಯಿಂಟು, ಒಂದೂ ಅಲುಗಲಿಲ್ಲ. ಅಲುಗುವುದು ಹೇಗೆ? ಹತ್ತೊಂಬತ್ತು ನನ್ನವು. ಅವರು ಹೆಂಡತಿಯನ್ನು ಕೂಗಿ ಕರೆದು, “ಇಪ್ಪತ್ತೆರಡರಾಗ ಒಂದೂ ಬಂದಿಲ್ಲ ನೋಡು” ಎಂದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಊಟಕ್ಕೆ ಕೂತಾಗ ಅವರೇ ಹೇಳಿದರು. “ನಿನಗ ಹೇಳಿರಲಿಲ್ಲ ಮೇಸ್ತ್ರಿ. ನನ್ನ ಕೈ ಮ್ಯಾಲೆ ನನಗ ಸಂಶಯ ಬಂದಿತ್ತು. ಈ ತಿಂಗಳ ಕಡೀಗೆ ಆಪರೇಷನ್ ಬಿಡಬೇಕಂತ ಮಾಡಿದ್ದೆ. ಆಸ್ಪತ್ರ್ಯಾಗ ನನಗ ಯಾರೂ ಹೇಳೂದಿಲ್ಲ, ಎಲ್ಲಾರೂ ನನ್ನ ಕೈಯಾಗ ಕಲ್ತವರು. ಅದಕ್ಕ ಈ ನೀಲಿ ಟೇಪಿನ ಪರೀಕ್ಷಾ. ಇವತ್ತ ಪಾಸಾದೆ. ಇನ್ನೊಂದು ವರ್ಷ ಅಡ್ಡಿಯಿಲ್ಲ.”

ತಟ್ಟೆಯಲ್ಲಿ ಹೋಳಿಗೆ ಇತ್ತು. ಅವರಿಬ್ಬರೂ ನಗುತ್ತಿದ್ದರು. ಪಾಸು ಮಾಡಿದವನು ನಾನು ಎಂದು ಆ ಕ್ಷಣಕ್ಕೆ ಗೊತ್ತಾಯಿತು. ಅಲ್ಲಿಯವರೆಗೆ ಮಾಡಿದ್ದು ತಿಳಿಯದೆ ಮಾಡಿದ್ದು, ಅಲ್ಲಿಂದ ಮುಂದೆ ಸುಮ್ಮನಿದ್ದದ್ದು ತಿಳಿದು ಸುಮ್ಮನಿದ್ದದ್ದು. ಈ ಊಟ ಮುಗಿಯಲಿ, ಹೇಳುತ್ತೇನೆ ಎಂದುಕೊಂಡೆ. ಬಸ್ ಸ್ಟಾಪಿನವರೆಗೆ ಬರುತ್ತಾರಲ್ಲ, ಅಲ್ಲಿ ಹೇಳುತ್ತೇನೆ ಎಂದುಕೊಂಡೆ. ಬಸ್ ಸ್ಟಾಪಿನಲ್ಲಿ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತರು. ಕೋಟಿನ ಮೇಲೂ ಆ ನಡುಕ ನನಗೆ ತಿಳಿಯುತ್ತಿತ್ತು. ಬಸ್ಸು ಬಂತು, ಹತ್ತಿದೆ.

ಮಾರ್ಚ್ ಪೂರ್ತಿ ಹಾಗೇ ಕಳೆಯಿತು. ಏಪ್ರಿಲ್ಲಿನಲ್ಲಿ ಹೋಟೆಲಿನ ಅಡುಗೆಯವನೊಬ್ಬ ಊರಿಗೆ ಹೋದ ಕಾರಣ ಎರಡು ಮಂಗಳವಾರ ನನಗೆ ರಜೆ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಹೋಗದೆ ಇರಲು ನೆಪ ಸಿಕ್ಕಿತೆಂದು ಸಮಾಧಾನವೇ ಆಯಿತು. ಮೂರನೆಯ ವಾರ ಹೋದೆ.

ಗ್ಯಾರೇಜಿನ ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಕತ್ತರಿಸಿ ತೆಗೆದ ಜಾಯಿಂಟುಗಳು ಸಾಲಾಗಿದ್ದವು, ನೀಲಿ ಟೇಪು ಬಿಚ್ಚಿ ಪಕ್ಕದಲ್ಲಿಟ್ಟಿತ್ತು. ನಾನಿಲ್ಲದಾಗ ಅವರು ಎಂಜಿನ್ ತಣಿಸುವ ಎಲೆಕ್ಟ್ರಿಕ್ ಫ್ಯಾನಿಗೆ ಒಂದು ರಿಲೇ ಹಾಕಲು ಹೊರಟಿದ್ದರು. ಕರೆಂಟು ತೆಗೆದುಕೊಳ್ಳಲು ತಮ್ಮದೇ ಒಂದು ಜಾಯಿಂಟು ಬಿಚ್ಚಿದ್ದರು. ಒಳಗೆ ತಾಮ್ರದ ಎಳೆ ಮಡಚಿತ್ತು. ಅವರು ಯಾವತ್ತೂ ಎಳೆ ಮಡಚಿದವರಲ್ಲ. ಒಂದರ ಹಿಂದೆ ಒಂದು ಬಿಚ್ಚುತ್ತ ಹೋಗಿದ್ದರು.

“ಇದು ಯಾರ ಕೈ?” ಎಂದರು.

“ನಂದು ಡಾಕ್ಟ್ರೇ.”

ಅವರು ಒಂದು ವಯರು ತೆಗೆದುಕೊಂಡು ತುದಿ ಸುಲಿದರು. ಟರ್ಮಿನಲ್ಲಿಗೆ ಅದನ್ನು ತೂರಿಸಲು ನಾಲ್ಕು ಸಲ ಬೇಕಾಯಿತು. ಕೈ ಅಡಗಿಸುವ ಪ್ರಯತ್ನವನ್ನೇ ಮಾಡಲಿಲ್ಲ. ಒತ್ತಿ, ನನ್ನ ಮುಂದೆ ಹಿಡಿದರು. “ಎಳಿ.”

ನಾನು ಅದನ್ನು ತೆಗೆದುಕೊಂಡು ಬೆಂಚಿನ ಮೇಲೆ ಇಡಹೋದೆ.

“ನನ್ನ ಎದುರಿಗೇ ಎಳಿ.”

ಎಳೆದೆ. ಕೈಗೆ ಬಂತು. “ಎಂದಿಂದ?” ಎಂದರು. ದೀಪಾವಳಿ ಆದ ಮೇಲಿನಿಂದ ಎಂದೆ. “ಫೆಬ್ರವರಿಯೊಳಗ ನಾ ಎಣಿಸಿದಾಗೂ ಗೊತ್ತಿತ್ತು?” ಹೌದು ಎಂದೆ. ಅವರು ಸ್ಟೂಲಿನ ಮೇಲೆ ಕೂತರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನಿಮ್ಮ ಮರ್ಯಾದೆ ಅಂತ...” ಎಂದು ಶುರುಮಾಡಿದೆ.

“ನನ್ನ ಮರ್ಯಾದಿ ನಾ ನಿನ್ನ ಕೈಯಾಗ ಎಲ್ಲಿ ಕೊಟ್ಟಿದ್ದೆ ಮೇಸ್ತ್ರಿ? ಕೈ ಕೊಟ್ಟಿದ್ದೆ, ನೋಡಲಿಕ್ಕೆ.” ಫೋನ್ ಕೈಗೆತ್ತಿಕೊಂಡು, “ಅಲ್ಲಿಂದ ಇಲ್ಲೀತನಕ ಎಷ್ಟು ಕಣ್ಣಾಗ ಕೈ ಹಾಕೀನಿ ಗೊತ್ತೇನು ನಿನಗ?” ಎಂದರು.

ಅಲ್ಲೇ, ನನ್ನ ಎದುರಿಗೇ, ತಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿದರು. ಇಂಗ್ಲಿಷಿನಲ್ಲಿ ಮಾತಾಡಿದರೂ ಎಲ್ಲ ತಿಳಿಯಿತು. ನಾಳೆಯಿಂದ ಆಪರೇಷನ್ ಮಾಡುವುದಿಲ್ಲ, ನವೆಂಬರಿನಿಂದ ತಾನು ಮಾಡಿದ ಪ್ರತಿಯೊಂದನ್ನೂ ಬೇರೆಯವರು ಮತ್ತೆ ನೋಡಬೇಕು, ತನ್ನ ಕೈ ನಡುಗುತ್ತದೆ. ಎರಡು ನಿಮಿಷವೂ ಹಿಡಿಯಲಿಲ್ಲ. ನಾನು ಐದು ತಿಂಗಳು ಕಾಯ್ದುಕೊಂಡು ಬಂದದ್ದನ್ನು ಅವರು ಎರಡು ನಿಮಿಷದಲ್ಲಿ ತಾವೇ ಬಿಟ್ಟುಕೊಟ್ಟರು, ಮತ್ತು ನೆಟ್ಟಗೆ ಕೂತಿದ್ದರು. ನಾನು ಕಾಯ್ದದ್ದು ಅವರ ಮರ್ಯಾದೆಯನ್ನಲ್ಲ, ನನ್ನ ಮಂಗಳವಾರವನ್ನು ಎಂದು ಹೆಂಡತಿ ಹೇಳಿದ್ದು ಸರಿಯಿತ್ತು. ಹೋಗಿಬರುತ್ತೇನೆ ಎಂದಾಗ ಅವರು ತಲೆಯಾಡಿಸಿದರು. ಮುಂದಿನ ವಾರ ಬಾ ಎನ್ನಲಿಲ್ಲ.

ಜುಲೈಯಲ್ಲಿ ಒಂದು ಮಧ್ಯಾಹ್ನ ಅವರ ಹೆಂಡತಿ ಹೋಟೆಲಿಗೆ ಬಂದರು. ನಾನು ಅಡುಗೆಮನೆಯಿಂದ ಹೊರಗೆ ಬಂದು ಅವರ ಮೇಜಿನ ಪಕ್ಕ ನಿಂತೆ. ಕಾರನ್ನು ಮಾರಿದ್ದರಂತೆ. ಡಾಕ್ಟರು ಗಾರ್ಡನ್ನಿನಲ್ಲಿ ಕೂತು ಓದುತ್ತಾರಂತೆ, ಊಟ ಸೇರುತ್ತದಂತೆ. ಕಾಫಿ ತಂದಿಟ್ಟೆ. ಆಕೆ ಕುಡಿಯಲಿಲ್ಲ.

“ಪೇಶಂಟ್ ಎಲ್ಲಾರ್ನೂ ಕರಿಸಿ ನೋಡಿದರು ತಮ್ಮಾ. ಭಾಳ ಮಂದಿ ಆರಾಮ ಇದ್ದಾರ. ಒಬ್ಬ ಹೆಣ್ಮಗಳಿಗೆ ಮಾತ್ರ ಆ ಕಣ್ಣು ಇನ್ನ ಪೂರಾ ಬರೂದಿಲ್ಲಂತ. ಇವರ ಕೈಯಿಂದನೋ, ಆಕೀ ಕಣ್ಣ ಹಂಗಿತ್ತೋ, ಹೇಳಲಿಕ್ಕೆ ಬರೂದಿಲ್ಲ ಅಂದರಂತ. ಇವರು ತನ್ನ ಕೈಯಿಂದನ ಅಂತಾರ.”

ಕೇಳಬಾರದಿತ್ತು, ಕೇಳಿದೆ. “ಯಾವಾಗ ಆದದ್ದು ಅಮ್ಮ, ಆ ಆಪರೇಷನ್ನು?”

“ಮಾರ್ಚಿನಾಗ” ಎಂದರು ಆಕೆ.

ಡಿಸೆಂಬರ್ ಎಂದಿದ್ದರೆ, ಜನವರಿ ಎಂದಿದ್ದರೆ, ಆ ಪರೀಕ್ಷೆಯ ವಿಷಯ ನನಗೇನು ಗೊತ್ತಿತ್ತು ಎಂದು ಹೇಳಿಕೊಳ್ಳಬಹುದಿತ್ತು. ಫೆಬ್ರವರಿಯ ಕೊನೆಗೆ ಅವರು ಆಪರೇಷನ್ ಬಿಡುವವರಿದ್ದರು.